ಕ್ಷ-ಕಿರಣದ ಸೂಕ್ಷ್ಮದರ್ಶಕವೂ ಹಾಲೋಗ್ರಾಂ ವಿದ್ಯೆಯೂ

ಜೀವಕೋಶವನ್ನು ಕೊಯ್ಯದೆ, ಒಣಗಿಸದೆ, ಅದರ ಒಳಗಣ ಸೂಕ್ಷ್ಮರಚನೆಯನ್ನು ನೋಡಬಹುದೇ? ಈ ಪ್ರಶ್ನೆಗೆ ಉತ್ತರವನ್ನು ಅರಸಿದ ಎರಡು ದಾರಿಗಳನ್ನು ಕುರಿತು ನಾವು ಇಂದು ಹೇಳಬೇಕೆಂದಿರುವೆವು.

ಹತ್ತಿರ ಹತ್ತಿರದ ಎರಡು ಚುಕ್ಕೆಗಳು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಎರಡಾಗಿಯೇ ಕಾಣಬೇಕಾದರೆ, ಅವುಗಳ ನಡುವೆ ಬೆಳಕಿನ ಅಲೆಯ ಉದ್ದದ ಸುಮಾರು ಅರ್ಧಪಾಲಾದರೂ ಅಂತರವಿರಬೇಕು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗೆ ನ್ಯಾನೊಮೀಟರೆಂದು ಹೆಸರು. ಕಣ್ಣಿಗೆ ಕಾಣುವ ಬೆಳಕಿನ ಅಲೆಗಳ ಉದ್ದ ಸುಮಾರು 400ರಿಂದ 700 ನ್ಯಾನೊಮೀಟರು. ಕ್ಷ-ಕಿರಣದ್ದಾದರೋ 10ಕ್ಕಿಂತಲೂ ಕಡಮೆ. ಹಾಗಾದರೆ ಕ್ಷ-ಕಿರಣದಿಂದಲೇ ಏಕೆ ನೋಡಬಾರದು ಎಂದು ಶ್ರೋತೃಗಳು ಕೇಳಬಹುದು.

ತೊಡಕು ಮಸೂರದ್ದು. 1895ರಲ್ಲಿ ಈ ಕಿರಣಗಳನ್ನು ಕಂಡುಹಿಡಿದ ರಾಂಟ್‌ಜನ್ ಮಹಾಶಯರೇ, ಮಸೂರವು ಇವನ್ನು ಒಂದೆಡೆ ಕೂಡಿಸಲಾರದೆಂಬುದನ್ನು ಕಂಡಿದ್ದರು. 1948ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕರ್ಕ್‌ಪ್ಯಾಟ್ರಿಕ್ ಮತ್ತು ಬಯೆಜ್ ಎಂಬವರು ಕನ್ನಡಿಗಳನ್ನು ಉಪಯೋಗಿಸಿದರು. ಕೆರೆಯ ನೀರಿನ ಮೇಲೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ಪುಟಿಯುವಂತೆ, ನುಣುಪಾದ ಕನ್ನಡಿಯನ್ನು ಸವರಿಕೊಂಡು ಬರುವ ಕ್ಷ-ಕಿರಣವು ಪ್ರತಿಫಲಿಸುತ್ತದೆ. ಮುಂದೆ ಜರ್ಮನಿಯ ಗಟಿಂಗನ್ನಿನಲ್ಲಿ ಶ್ಮಾಲ್ ಮತ್ತು ಅವರ ಸಹೋದ್ಯೋಗಿಗಳು, ಒಂದರೊಳಗೊಂದು ಬಳೆಗಳನ್ನಿಟ್ಟಂತಿರುವ ಸೂಕ್ಷ್ಮವಲಯಗಳ ತಟ್ಟೆಯಿಂದ ಮಸೂರದ ಕೆಲಸವನ್ನು ಮಾಡಿಸಿದರು.

ಎರಡನೆಯ ದಾರಿ, ಬಿಂಬದ ಬದಲು ಅಲೆಯನ್ನೇ ಬರೆದಿಡುವುದು. ಹಂಗೆರಿಯಲ್ಲಿ ಹುಟ್ಟಿ ಇಂಗ್ಲೆಂಡಿನ ರಗ್ಬಿಯಲ್ಲಿ ಕೆಲಸಮಾಡುತ್ತಿದ್ದ ಡೆನ್ನಿಸ್ ಗೇಬರ್ ಅವರು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮಸೂರದೋಷವನ್ನು ನೀಗುವ ಸಲುವಾಗಿ 1947ರಲ್ಲಿ ಇದನ್ನು ಯೋಚಿಸಿದರು. ಛಾಯಾಚಿತ್ರದ ಫಲಕವು ಅಲೆಯ ಬಲವನ್ನು ಮಾತ್ರ ಗುರುತಿಸುತ್ತದೆ. ಅದರ ಏರಿಳಿತವು ಯಾವ ಘಟ್ಟದಲ್ಲಿತ್ತೆಂಬುದನ್ನು ಕಳೆದುಬಿಡುತ್ತದೆ. ಗಾಯಕನ ದನಿ ಎಷ್ಟು ಗಟ್ಟಿಯೆಂದು ತಿಳಿದರೂ, ತಾಳವು ಕೇಳಿಸದಿದ್ದರೆ ಎಡುಪು ತಿಳಿಯದಷ್ಟೆ. ಗೇಬರ್ ಅವರು ಆ ತಾಳವನ್ನು ಒದಗಿಸಿದರು: ವಸ್ತುವಿನಿಂದ ಚೆದರಿದ ಅಲೆಯೊಡನೆ, ಚೆದರದೆ ನೇರವಾಗಿ ಬಂದ ಅಲೆಯನ್ನೂ ಫಲಕದ ಮೇಲೆ ಬೀಳಿಸಿದರು. ಉಬ್ಬಿಗೆ ಉಬ್ಬು ಕೂಡಿದೆಡೆ ಬೆಳಕು, ಉಬ್ಬಿಗೆ ತಗ್ಗು ಎದುರಾದೆಡೆ ಕತ್ತಲೆ. ಈ ಚಿತ್ತಾರವೇ ಹಾಲೋಗ್ರಾಂ. ಅದರ ಮೇಲೆ ಅಂತಹುದೇ ಬೆಳಕನ್ನು ಮತ್ತೆ ಹರಿಸಿದರೆ, ವಸ್ತುವಿಲ್ಲದೆಯೇ ವಸ್ತುವಿನ ಅಲೆಯು ಎದ್ದುಬರುತ್ತದೆ.

ಇದಕ್ಕೆ ಹೆಜ್ಜೆ ತಪ್ಪದ ಅಲೆಗಳು ಬೇಕು. ಬೆಳಕಿನಲ್ಲಿ ಅಂತಹವನ್ನು 1960ರಲ್ಲಿ ಹುಟ್ಟಿದ ಲೇಸರು ಧಾರಾಳವಾಗಿ ಕೊಟ್ಟಿತು. ಗೇಬರ್ ಅವರಿಗೆ 1971ರಲ್ಲಿ ನೊಬೆಲ್ ಬಹುಮಾನ ಬಂದಿತು. ಕ್ಷ-ಕಿರಣದ ಹಾಲೋಗ್ರಾಂ ಸಾಧ್ಯವೆಂದು ಬಯೆಜ್ ಅವರು 1952ರಲ್ಲಿಯೇ ಸೂಚಿಸಿದ್ದರೂ, ತಕ್ಕ ಕಿರಣಮೂಲಕ್ಕಾಗಿ ದಶಕಗಳು ಕಾಯಬೇಕಾಯಿತು. 2004ರಲ್ಲಿ ಬರ್ಲಿನ್ನಿನ ಸಿಂಕ್ರೊಟ್ರಾನ್ ಯಂತ್ರದ ಕಿರಣಗಳಿಂದ, ಲೋಹದ ಪೊರೆಯೊಳಗಣ ಕಾಂತವಲಯಗಳನ್ನು ಸುಮಾರು 50 ನ್ಯಾನೊಮೀಟರಿನ ವಿವರದವರೆಗೆ ಮಸೂರವಿಲ್ಲದೆ ಚಿತ್ರಿಸಿದರು.

ಇನ್ನು ಜೀವಕೋಶದ ಮಾತು. ಅಲೆಯುದ್ದ 2.3ರಿಂದ 4.4 ನ್ಯಾನೊಮೀಟರಿರುವ ಕಿರಣಗಳನ್ನು ನೀರು ಬಹುಮಟ್ಟಿಗೆ ಹಾಯಗೊಡುತ್ತದೆ, ಇಂಗಾಲವು ತಡೆಯುತ್ತದೆ. ಆದುದರಿಂದ ಕೋಶವನ್ನು ಕೊಯ್ಯದೆ, ಬಣ್ಣ ಹಾಕದೆ, ಇಡಿಯಾಗಿ ನೋಡಬಹುದು. ಆದರೆ ನೋಡುವ ಕಿರಣವೇ ಕೋಶವನ್ನು ಕೆಡಿಸುವುದು. ಆ ಹಾನಿಯನ್ನು ತಗ್ಗಿಸಲು ಕೋಶವನ್ನು ಹೆಪ್ಪುಗಟ್ಟಿಸಿ ನೋಡುವುದುಂಟು. 2009ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಳಗಿದ ಕ್ಷ-ಕಿರಣ ಲೇಸರಿನ ಮಿಂಚು ಎಷ್ಟು ಕ್ಷಿಪ್ರವೆಂದರೆ, ವಸ್ತುವು ಚೆಲ್ಲಾಪಿಲ್ಲಿಯಾಗುವ ಮೊದಲೇ ಅದರ ಗುರುತು ದಾಖಲೆಯಾಗಿರುತ್ತದೆ. ನೋಟವು ಹೀಗೆ ಹಾನಿಗಿಂತ ಒಂದು ಹೆಜ್ಜೆ ಮುಂದಾಗಿದೆ. ಕೋಶವನ್ನು ಬದುಕಗೊಟ್ಟು, ಅಷ್ಟೇ ಸೂಕ್ಷ್ಮವಾಗಿ ಮತ್ತೆ ಮತ್ತೆ ನೋಡುವ ಕಾರ್ಯವು ಮಾತ್ರ ಇನ್ನೂ ಉಳಿದಿದೆ.