ಅಡುಗೆಮನೆಯಲ್ಲೊಂದು ದಾರದುಂಡೆ

ಕೈಮಾ ಉಂಡೆಯ ಸಾರು ಬಡಿಸಿದ ದಿನ ಯಾರು ಎಷ್ಟು ಉಂಡರೆಂಬುದನ್ನು ಮುಚ್ಚಿಡುವಂತಿರಲಿಲ್ಲ. ಎಲೆಯ ಅಂಚಿನಲ್ಲಿ ಬಿಚ್ಚಿಟ್ಟ ಬಾಳೆನಾರಿನ ಎಳೆಗಳನ್ನು ಎಣಿಸಿದರೆ ಸಾಕು, ಲೆಕ್ಕ ಹೊರಬೀಳುತ್ತಿತ್ತು. ಹಳೆಯ ಮೈಸೂರು ಸೀಮೆಯ ಕೆಲವು ಮನೆಗಳಲ್ಲಿ ಉಂಡೆಗೆ ನಾರು ಸುತ್ತಿಯೇ ಸಾರಿಗೆ ಬಿಡುವ ರೂಢಿ. ಪಟ್ಟಣದ ಗೃಹಿಣಿಯರಲ್ಲಿ ಹಲವರು ಅದನ್ನು ವ್ಯರ್ಥ ಶ್ರಮವೆಂದು ಕೈಬಿಟ್ಟಿದ್ದಾರೆ. ಉಂಡೆ ಒಡೆದು ಸಾರು ರಾಡಿಯಾದಾಗ ಮಾತ್ರ ಅಜ್ಜಿಯ ನಾರು ನೆನಪಾಗುತ್ತದೆ.

ಆ ನಾರಿನ ಕೆಲಸ ಸ್ವಲ್ಪ ಹೊತ್ತಿನದು. ಕೊಚ್ಚಿದ ಮಾಂಸ, ಹುರಿಗಡಲೆಯ ಹಿಟ್ಟು, ತೆಂಗಿನ ತುರಿ ಸೇರಿದ ಉಂಡೆಗೆ ಹಸಿಯಾಗಿರುವಾಗ ಬಿಗಿ ಸಾಲದು. ಬಿಸಿಗೆ ಮಾಂಸದ ಸಸಾರಜನಕವು ಹೆಪ್ಪುಗಟ್ಟಿ ಉಂಡೆಯನ್ನು ಹಿಡಿದುಕೊಳ್ಳುವವರೆಗಿನ ನಿಮಿಷಗಳೇ ಗಂಡಾಂತರದ ಕಾಲ. ದೊಡ್ಡ ತುಂಡಿನ ವಿಷಯ ಬೇರೆ. ಮೂಳೆ ತೆಗೆದು, ಮಸಾಲೆ ತುಂಬಿ, ಸುರುಳಿ ಸುತ್ತಿದ ತೊಡೆಯ ಮಾಂಸವನ್ನು ಕಟ್ಟುವುದು ಅದು ಎಲ್ಲೆಡೆಯೂ ಒಂದೇ ದಪ್ಪವಾಗಿ ನಿಲ್ಲಲೆಂದು. ಕಟ್ಟದೆ ಬಿಟ್ಟರೆ ತೆಳುವಾದ ಅಂಚು ಒಣಗಿ ತೊಗಲಾಗುವ ಹೊತ್ತಿಗೂ ನಡುಭಾಗ ಹಸಿಯಾಗಿಯೇ ಇರುತ್ತದೆ.

ಹಳೆಯ ದೆಹಲಿಯ ಸುತಲಿ ಕಬಾಬಿಗೆ ಹೆಸರು ಬಂದುದೇ ದಾರದಿಂದ. ಅಲ್ಲಿ ಮಾಂಸವು ಅರೆದು ಅರೆದು ಎಷ್ಟು ಮೆದುವಾಗಿರುತ್ತದೆಂದರೆ ಸಲಾಕೆಗೆ ಅಂಟಿ ನಿಲ್ಲಲಾರದು. ಅದರ ಮೇಲೆ ದಾರ ಸುತ್ತಿ ಕೆಂಡದಲ್ಲಿ ಸುಡುತ್ತಾರೆ. ಗಿರಾಕಿಗೆ ಕೊಡುವಾಗ ದಾರವನ್ನು ಬಿಚ್ಚಿ ತೆಗೆಯುತ್ತಾರೆ.

ದಾರವೆಂದರೆ ಯಾವ ದಾರವಾದರೂ ಆದೀತೆಂದು ನಾನೂ ಒಮ್ಮೆ ತಿಳಿದಿದ್ದೆ. ಬೀಗರು ಊಟಕ್ಕೆ ಬರುವ ದಿನ, ಮಿಠಾಯಿ ಪೊಟ್ಟಣಕ್ಕೆ ಸುತ್ತಿ ಬಂದಿದ್ದ ಬಿಳಿಯ ದಾರದಿಂದ ಮಾಂಸದ ಸುರುಳಿಯನ್ನು ಕಟ್ಟಿ ಓವನ್ನಿನಲ್ಲಿಟ್ಟೆ. ನೋಟಕ್ಕೆ ಅದು ಹತ್ತಿಯಂತೆಯೇ ಇತ್ತು. ಗಂಟೆಯ ಮೇಲೆ ಬಾಗಿಲು ತೆರೆದರೆ ದಾರವೇ ಇಲ್ಲ! ಕರಗಿ ಮಾಂಸದೊಳಕ್ಕೆ ಇಳಿದಿತ್ತು. ಎರಡು ಕಿಲೋ ಮಾಂಸ ತಿಪ್ಪೆಗೆ ಹೋಯಿತು; ಬೀಗರು ತಿಳಿಸಾರು, ಹಪ್ಪಳಗಳಲ್ಲಿ ಊಟ ಮುಗಿಸಿದರು. ಪೊಟ್ಟಣ ಕಟ್ಟುವ ಅಗ್ಗದ ದಾರ ಅನೇಕ ವೇಳೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು. ಅದು ಸುಮಾರು 160 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಮಾಂಸ ಹುರಿಯುವ ಓವನ್ನಿನ ಶಾಖವೋ 180 ಡಿಗ್ರಿ, ಅದಕ್ಕೂ ಹೆಚ್ಚು.

ಪರೀಕ್ಷೆ ಬಲು ಸುಲಭ. ದಾರದ ತುಣುಕೊಂದನ್ನು ಇಕ್ಕಳದಲ್ಲಿ ಹಿಡಿದು ತುದಿಗೆ ಬೆಂಕಿ ತಾಗಿಸಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಕೃತಕ ನೂಲಾದರೆ ಕರಗಿ ಗಟ್ಟಿಯಾದ ಮಣಿಯಂತೆ ನಿಲ್ಲುತ್ತದೆ. ಹೊಲಿಗೆಯ ಪೆಟ್ಟಿಗೆಯ ದಾರವನ್ನು ಈ ಪರೀಕ್ಷೆಯಿಲ್ಲದೆ ಬಳಸಲೇಕೂಡದು. ಈಗ ಅದರಲ್ಲಿ ಬಹುಪಾಲು ಪಾಲಿಯೆಸ್ಟರು. ಬಣ್ಣದ ದಾರ, ಮೇಣ ಹಚ್ಚಿದ ದಾರ ಬೇಡವೇ ಬೇಡ. ಸೆಣಬಿನ ಹುರಿ ಸ್ವಾಭಾವಿಕವಾದುದಲ್ಲವೆ ಎಂದು ಕೇಳಬಹುದು. ನಿಜ, ಆದರೆ ಸೆಣಬನ್ನು ನೂಲುವ ಮುನ್ನ ಮೆದುಗೊಳಿಸಲು ಖನಿಜ ತೈಲ ಹಾಕುವ ಪದ್ಧತಿಯುಂಟು, ಎಳೆಗಳೂ ಉದುರುತ್ತವೆ. ಹಲ್ಲಿನ ಸಂದು ಶುಚಿಮಾಡುವ ನೈಲಾನ್ ದಾರವನ್ನು ಕೆಲವರು ಸೂಚಿಸುವರು. ಪುದೀನದ ಪರಿಮಳದ ಮಾಂಸ ನನಗಂತೂ ಬೇಡ.

ಸಸ್ಯಾಹಾರಿ ವಾಚಕರು ಪುಟ ಮಗುಚಬೇಕಾಗಿಲ್ಲ. ಪತ್ರೊಡೆಯ ಸುರುಳಿಗೂ ಮಸಾಲೆ ತುಂಬಿದ ಹಾಗಲಕಾಯಿಗೂ ಇದೇ ನ್ಯಾಯ.

ಬಣ್ಣವಿಲ್ಲದ ದಪ್ಪ ಹತ್ತಿಯ ದಾರ ಎಲ್ಲಕ್ಕೂ ಸಲ್ಲುತ್ತದೆ. ಸಾರಿನಲ್ಲಿ ಬೇಯುವುದಕ್ಕೆ ಬಾಳೆನಾರು ಅಷ್ಟೇ ಒಳ್ಳೆಯದು. ಬಾಳೆಯ ಕಂಬದ ಹೊರಪಟ್ಟೆಯನ್ನು ನೆರಳಲ್ಲಿ ಒಣಗಿಸಿ, ಸೀಳಿ ಇಟ್ಟುಕೊಂಡರಾಯಿತು. ಒಣನಾರು ಬಾಗಿಸಿದರೆ ಮುರಿಯುತ್ತದಾದ್ದರಿಂದ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಉಂಡೆಗೆ ಅಡ್ಡಲಾಗಿ ಒಂದು ಸುತ್ತು, ಉದ್ದಕ್ಕೆ ಒಂದು ಸುತ್ತು ಹಾಕಿ ಗಂಟಿಡಬೇಕು. ಬಿಗಿ ಹೆಚ್ಚಾದರೆ ನಾರು ಉಂಡೆಯನ್ನೇ ಕೊಯ್ಯುತ್ತದೆ.

ಕಟ್ಟುವಾಗ ಎಳೆಗಳನ್ನು ಎಣಿಸಿಕೊಳ್ಳಿರಿ. ಬಿಚ್ಚಿದ ಮೇಲೆ ಅಷ್ಟೂ ಸಿಕ್ಕಬೇಕು. ಮಕ್ಕಳಿಗೂ ಕಣ್ಣು ಮಂಜಾದ ಹಿರಿಯರಿಗೂ ಬಡಿಸುವ ಮುನ್ನವೇ ಬಿಚ್ಚಿ ಕೊಡುವುದು ಕ್ಷೇಮ. ಗಂಟಲಲ್ಲಿ ಸಿಕ್ಕ ದಾರ ಮೀನಿನ ಮುಳ್ಳಿಗಿಂತ ಕಡಿಮೆಯದಲ್ಲ.

ಹಿತ್ತಿಲಿಲ್ಲದ ಮನೆಯವರಿಗೆ ನಾರೆಲ್ಲಿ ಸಿಕ್ಕೀತು? ಬಾಳೆನಾರಿನಲ್ಲಿ ಮಾಲೆ ಕಟ್ಟುವ ಹೂವಾಡಗಿತ್ತಿಯರು ಇನ್ನೂ ಇದ್ದಾರೆ. ಒಂದು ಮೊಳ ಮಲ್ಲಿಗೆ ಕೊಂಡು, ಹಿಡಿ ನಾರನ್ನೂ ಕೇಳಿ ನೋಡಿರಿ.