ಜರ್ಮನ್ ಕಲಿಕೆಗೆ ಕನ್ನಡದ ದಾರಿ

ಎರಡು ವರ್ಷಗಳ ಹಿಂದೆ ನಾನು ಸಂಜೆಯ ತರಗತಿಯೊಂದರಲ್ಲಿ ಜರ್ಮನ್ ಭಾಷೆಯನ್ನು ಕಲಿಯತೊಡಗಿದೆನು. ಅದು ಇಂಗ್ಲಿಷಿನ ಸೋದರಭಾಷೆ; ಆದುದರಿಂದ ಇಂಗ್ಲಿಷಿನ ಕೈಹಿಡಿದು ನಡೆದರೆ ಸಾಕೆಂದು ನಂಬಿದ್ದೆನು. ಮೊದಲನೆಯ ಪರೀಕ್ಷೆಯಲ್ಲಿಯೇ ನಪಾಸಾದೆನು. ಮನೆಯಲ್ಲಿ ಕಷ್ಟಪಟ್ಟು ಹೊಂದಿಸಿಕೊಟ್ಟ ಶುಲ್ಕ ವ್ಯರ್ಥವಾಯಿತಲ್ಲಾ ಎಂದು ನೊಂದು, ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು ಕುಳಿತಾಗ ಒಂದು ಸಂಗತಿ ಹೊಳೆಯಿತು. ನನ್ನ ತಪ್ಪುಗಳಲ್ಲಿ ಹಲವು ಇಂಗ್ಲಿಷಿನ ಮೂಲಕ ಯೋಚಿಸಿದುದರ ಫಲ. ಕನ್ನಡದಲ್ಲಿ ಯೋಚಿಸಿದ್ದರೆ ಅವು ಆಗುತ್ತಲೇ ಇರಲಿಲ್ಲ!

ಒಂದು ಉದಾಹರಣೆ ನೋಡಿರಿ. ಚಳಿಯಾಗುತ್ತಿದೆ ಎನ್ನಲು ನಾನು ಇಂಗ್ಲಿಷಿನಂತೆ 'ಇಷ್ ಬಿನ್ ಕಾಲ್ಟ್' ಎಂದು ಬರೆದಿದ್ದೆನು. ಜರ್ಮನರ ಕಿವಿಗೆ ಅದು 'ನಾನು ಕಲ್ಲೆದೆಯವನು' ಎಂಬಂತೆ ಕೇಳಿಸುತ್ತದೆ. ಅವರು ಹೇಳುವುದು 'ಮಿಯರ್ ಇಸ್ಟ್ ಕಾಲ್ಟ್' ಎಂದು. 'ಮಿಯರ್' ಎಂದರೆ 'ನನಗೆ'. ನಾವೂ 'ನನಗೆ ಚಳಿ' ಎನ್ನುತ್ತೇವೆಯೇ ಹೊರತು 'ನಾನು ಚಳಿ' ಎನ್ನುವುದಿಲ್ಲ. ಹಾಗೆಯೇ 'ಡಾಸ್ ಬುಖ್ ಗೆಫೆಲ್ಟ್ ಮಿಯರ್' ಎಂದರೆ 'ಆ ಪುಸ್ತಕ ನನಗೆ ಹಿಡಿಸುತ್ತದೆ'. ಎರಡು ಭಾಷೆಗಳಲ್ಲಿಯೂ ಪುಸ್ತಕವೇ ಕರ್ತೃ. 'ನನಗೆ' ಎಂಬುದು ಚತುರ್ಥಿ.

ಇನ್ನು ವಾಕ್ಯದಲ್ಲಿ ಪದಗಳ ಕ್ರಮ. 'ಎರ್ ಕಾನ್ ಹೊಯ್ಟೆ ಕೊಮ್ಮೆನ್' ಎಂಬ ಸ್ವತಂತ್ರವಾಕ್ಯದಲ್ಲಿ 'ಬಲ್ಲ' ಎಂಬರ್ಥದ 'ಕಾನ್' ಎರಡನೆಯ ಸ್ಥಾನದಲ್ಲಿದೆ. ಆದರೆ 'ಏಕೆಂದರೆ' ಎಂಬರ್ಥದ 'ವೈಲ್' ಮೊದಲು ಬಂದಿತೆಂದರೆ ಅದು ಕೊನೆಗೆ ಸರಿಯುತ್ತದೆ: 'ವೈಲ್ ಎರ್ ಹೊಯ್ಟೆ ಕೊಮ್ಮೆನ್ ಕಾನ್'. ಪದಕ್ಕೆ ಪದವಿಟ್ಟರೆ 'ಏಕೆಂದರೆ ಅವನು ಇಂದು ಬರ ಬಲ್ಲ'. ಒಂದು ಪದವನ್ನೂ ಕದಲಿಸಬೇಕಾಗಿಲ್ಲ! ಇಂಗ್ಲಿಷಿನಿಂದ ಬಂದವರು ತಿಂಗಳುಗಟ್ಟಲೆ ತಡವರಿಸುವ ಎಡೆಯಿದು.

ಇಂಗ್ಲಿಷಿನಲ್ಲಿ ಇಂದು ಮರೆಯಾಗಿರುವ ನೀನು–ನೀವು ಭೇದವೂ ಇಲ್ಲಿ ಜೀವಂತವಾಗಿದೆ. ಅಪರಿಚಿತರಿಗೆ 'ಝೀ', ಗೆಳೆಯರಿಗೆ 'ಡು'. ನಮ್ಮಂತೆ ಅವರೂ ದೇವರನ್ನು 'ನೀನು' ಎಂದೇ ಕರೆಯುತ್ತಾರೆ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ತಂದೆಗೆ 'ನೀವು' ಎನ್ನುವ ವಾಡಿಕೆಯಿದ್ದರೆ, ಅಲ್ಲಿ ಇಂದು ತಂದೆಗೂ 'ಡು' ಎಂಬುದೇ ರೂಢಿ.

ಕನ್ನಡವು ಎಲ್ಲೆಡೆಯೂ ಕೈಹಿಡಿಯುತ್ತದೆಂದಲ್ಲ. ನಮ್ಮಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಜರ್ಮನ್‌ನಲ್ಲಾದರೋ ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕ: ಡೇರ್ ಲ್ಯೋಫೆಲ್, ಡೀ ಗಾಬೆಲ್, ಡಾಸ್ ಮೆಸ್ಸರ್. ಹುಡುಗಿ ಎಂಬರ್ಥದ 'ಮೇಡ್‌ಶೆನ್' ಕೂಡ ನಪುಂಸಕವೇ. ಕಿರಿದೆಂಬುದನ್ನು ಸೂಚಿಸುವ 'ಶೆನ್' ಪ್ರತ್ಯಯ ಹತ್ತಿದ ನಾಮಪದಗಳೆಲ್ಲವೂ ನಪುಂಸಕವಾಗುತ್ತವೆ. ಹೆಂಡತಿ ಎಂಬರ್ಥದ ಸಂಸ್ಕೃತದ 'ದಾರ' ಪುಲ್ಲಿಂಗ, 'ಕಲತ್ರ' ನಪುಂಸಕ ಎಂದು ಬಲ್ಲ ನಮ್ಮ ಅಧ್ಯಾಪಕರಿಗೆ ಇದೇನೂ ವಿಚಿತ್ರವೆನಿಸದು. ಆದುದರಿಂದ ಪ್ರತಿಯೊಂದು ನಾಮಪದವನ್ನೂ ಡೇರ್, ಡೀ, ಡಾಸ್‌ಗಳೊಡನೆಯೇ ಬಾಯಿಪಾಠ ಮಾಡಬೇಕು. ನಮ್ಮ 'ಗೊತ್ತು' ಎಂಬ ಒಂದು ಮಾತಿಗೆ ಅಲ್ಲಿ ಎರಡುಂಟು: ವ್ಯಕ್ತಿ, ಊರುಗಳ ಪರಿಚಯಕ್ಕೆ 'ಕೆನ್ನೆನ್', ವಿಷಯದ ತಿಳಿವಿಗೆ 'ವಿಸ್ಸೆನ್'. ಇಂಗ್ಲಿಷಿನ ಸಾಮ್ಯವನ್ನು ನಂಬಿ ಯಾರಿಗೂ 'ಗಿಫ್ಟ್' ಕೊಡುತ್ತೇನೆನ್ನಬೇಡಿರಿ. ಜರ್ಮನ್‌ನಲ್ಲಿ ಅದು ವಿಷ!

ನುಡಿಗಟ್ಟುಗಳನ್ನಂತೂ ಇಡಿಯಾಗಿಯೇ ಕಲಿಯಬೇಕು. ಒಂದೂ ಅರ್ಥವಾಗದಾಗ ಜರ್ಮನರು 'ನನಗೆ ಬರೀ ರೈಲುನಿಲ್ದಾಣ ತಿಳಿಯುತ್ತದೆ' ಎನ್ನುತ್ತಾರೆ. ಮೊದಲ ವರ್ಷವೆಲ್ಲ ನನ್ನ ಸ್ಥಿತಿಯೂ ಅದೇ ಆಗಿದ್ದಿತು.

ಮರುವರ್ಷ ಕನ್ನಡ ವ್ಯಾಕರಣವನ್ನು ಪಕ್ಕದಲ್ಲಿಟ್ಟುಕೊಂಡು ಓದಿ ತೇರ್ಗಡೆಯಾದೆನು. ತರಗತಿಯಲ್ಲಿ ನಾನು ಆಕಳಿಸುತ್ತ ಕೇಳಿದ್ದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಸಂಪಾದಿಸಿ ಅಚ್ಚುಹಾಕಿಸಿದವರು ಫರ್ಡಿನಾಂಡ್ ಕಿಟ್ಟೆಲ್ ಎಂಬ ಜರ್ಮನರೆಂದು ಆಗ ತಿಳಿಯಿತು. 1853ರಲ್ಲಿ ಈ ನಾಡಿಗೆ ಬಂದು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದವರೂ ಅವರೇ. ದೂರದಿಂದ ಬಂದವರೊಬ್ಬರು ನಮ್ಮ ವ್ಯಾಕರಣಕ್ಕೆ ಅಷ್ಟು ಬೆಲೆ ಕೊಟ್ಟಿರಲು, ಅದನ್ನು ಮನೆಯಲ್ಲಿಯೇ ಬಿಟ್ಟು ಪರಭಾಷೆಗೆ ಹೊರಟ ನನ್ನ ಅವಿವೇಕಕ್ಕೆ ನಾಚಿಕೆಯಾಯಿತು.

ಯಾರಿಗಾದರೂ ಶುಭ ಕೋರುವಾಗ ಜರ್ಮನರು 'ನಿನಗಾಗಿ ಹೆಬ್ಬೆರಳು ಒತ್ತಿ ಹಿಡಿದಿದ್ದೇನೆ' ಎನ್ನುತ್ತಾರೆ. ಈ ಭಾಷೆಯನ್ನು ಕಲಿಯಹೊರಡುವ ಮಿತ್ರರಿಗಾಗಿ ನಾನೂ ಹೆಬ್ಬೆರಳು ಒತ್ತಿ ಹಿಡಿದಿದ್ದೇನೆ.