ಮುಂಡಗೋಡಿನಲ್ಲಿ ಹಿಮಾಲಯದರ್ಶನ

ಕಾರವಾರ, ಅಂಕೋಲೆಗಳ ಅನೇಕ ಭಕ್ತ ಕುಟುಂಬಗಳಲ್ಲಿ ಹಿಮಾಲಯವನ್ನು ಕಾಣುವ ಹಂಬಲವಿದೆ. ಕೇದಾರದ ರಾವಲರು ವೀರಶೈವ ಜಂಗಮ ಪರಂಪರೆಯವರಾದ್ದರಿಂದ ಆ ಹಿಮಗಿರಿಯ ನಂಟು ನಮಗೆ ಹಳೆಯದು. ಆದರೆ ಎತ್ತರದ ಕಣಿವೆಗಳಲ್ಲಿ ನಡೆಯುವ ದೇಹಬಲವಾಗಲಿ, ಅದಕ್ಕೆ ತಗಲುವ ವೆಚ್ಚವಾಗಲಿ ಎಲ್ಲರಿಗೂ ಒದಗುವಂಥದಲ್ಲ. ಅಂಥವರು ನಮ್ಮ ಜಿಲ್ಲೆಯದೇ ಆದ ಮುಂಡಗೋಡಿಗೆ ಹೋಗಿಬರಬೇಕು. ಹಿಮಾಲಯದಾಚೆಯ ಬೌದ್ಧ ಸಂಸ್ಕೃತಿ ಅಲ್ಲಿ ಇಂದಿಗೂ ಜೀವಂತವಾಗಿದೆ.

1959ರಲ್ಲಿ ದಲಾಯಿ ಲಾಮಾ ಅವರು ಟಿಬೆಟ್ ತೊರೆದು ಭಾರತಕ್ಕೆ ಬಂದರು. ಸಹಸ್ರಾರು ಜನ ಅವರನ್ನು ಹಿಂಬಾಲಿಸಿದರು. ಅಂದಿನ ಮೈಸೂರು ರಾಜ್ಯದಲ್ಲಿ ಎಸ್. ನಿಜಲಿಂಗಪ್ಪನವರ ಸರಕಾರ ಈ ನಿರಾಶ್ರಿತರಿಗೆ ಭೂಮಿ ನೀಡಿತು. 1966ರಲ್ಲಿ ಮುಂಡಗೋಡಿನ ನೆಲೆ ಆರಂಭವಾಯಿತು. ಲ್ಹಾಸಾ ಬಳಿ 1409ರಲ್ಲಿ ಸ್ಥಾಪಿತವಾದ ಗಾಡೆನ್, 1416ರಲ್ಲಿ ಸ್ಥಾಪಿತವಾದ ಡ್ರೆಪುಂಗ್ ಎಂಬೆರಡು ಮಹಾವಿಹಾರಗಳು ಇಲ್ಲಿ ಮರುಹುಟ್ಟು ಪಡೆದವು. ಡ್ರೆಪುಂಗ್ ಎಂದರೆ ಅಕ್ಕಿಯ ರಾಶಿ; ಭತ್ತ ಬೆಳೆಯುವ ಈ ಸೀಮೆಗೆ ಒಪ್ಪುವ ಹೆಸರು.

ಅಂಕೋಲೆಯಿಂದ ಅರಬೈಲು ಘಟ್ಟವೇರಿ ಯಲ್ಲಾಪುರದ ಮೂಲಕ ಸಾಗುವುದು ಚೆಲುವಾದ ದಾರಿ. ಮಾಗೋಡಿನಲ್ಲಿ ಧುಮುಕುವ ಬೇಡ್ತಿಯೇ ಗಂಗಾವಳಿಯಾಗಿ ಅಂಕೋಲೆಯ ಬಳಿ ಕಡಲನ್ನು ಕೂಡುತ್ತದೆ. ಮಳೆಗಾಲದಲ್ಲಿ ಮಾತ್ರ ಘಟ್ಟದ ಪ್ರಯಾಣ ಬೇಡ. 2013ರ ಜೂನ್‌ನಲ್ಲಿ ಕೇದಾರದ ಕಣಿವೆಯೂ, 2024ರ ಜುಲೈನಲ್ಲಿ ನಮ್ಮ ಶಿರೂರೂ ಕಂಡ ದುರಂತಗಳನ್ನು ಮರೆಯಲಾಗದು.

ವಿಹಾರದೊಳಗೆ ಬೆಣ್ಣೆಯ ದೀಪಗಳು, ಬುದ್ಧಮೂರ್ತಿಗಳು, ಬಟ್ಟೆಯ ಮೇಲೆ ಬರೆದ ಥಂಕಾ ಚಿತ್ರಗಳು ಕಣ್ಸೆಳೆಯುತ್ತವೆ. ಆದರೆ ಮಕ್ಕಳಿಗೆ ತಪ್ಪದೆ ತೋರಿಸಬೇಕಾದದ್ದು ಅಂಗಳದ ಶಾಸ್ತ್ರಚರ್ಚೆ. ಉತ್ತರಿಸುವವನು ಕುಳಿತಿರುತ್ತಾನೆ, ಪ್ರಶ್ನಿಸುವವನು ನಿಂತು, ಕಾಲನ್ನು ನೆಲಕ್ಕೆ ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆಯನ್ನಿಡುತ್ತಾನೆ. ಕಲಿತದ್ದನ್ನು ಹೀಗೆ ಸಹಪಾಠಿಗಳ ಪ್ರಶ್ನೆಗೆ ಒಡ್ಡುವುದು ಅವರ ಶಿಕ್ಷಣಕ್ರಮ. ಅನುಭವ ಮಂಟಪದ ಸಂವಾದವನ್ನು ಬಲ್ಲ ನಮಗೆ ಇದು ಅಪರಿಚಿತವೆನಿಸದು. ತತ್ತ್ವ ಬೇರೆಯಾದರೂ ಪ್ರಶ್ನೆಗೆ ಸಲ್ಲುವ ಗೌರವ ಒಂದೇ.

ಸೀಬರ್ಡ್ ನೌಕಾನೆಲೆಗಾಗಿ ಮನೆ, ತೋಟ, ಕಡಲತೀರಗಳನ್ನು ತೊರೆದ ಕುಟುಂಬಗಳು ಕಾರವಾರ, ಅಂಕೋಲೆಗಳಲ್ಲಿ ಎಷ್ಟೋ ಇವೆ. ನೆಲೆ ತಪ್ಪಿದವರ ನೋವನ್ನು ಅವರಿಗೆ ವಿವರಿಸಬೇಕಾಗಿಲ್ಲ. ನೆಲದೊಡನೆ ನುಡಿ, ಓದು, ಆಚಾರಗಳೂ ಕಳೆದುಹೋಗಬೇಕಿಲ್ಲವೆಂಬುದಕ್ಕೆ ಮುಂಡಗೋಡು ಸಾಕ್ಷಿ. ಆ ಜನ ವಿಹಾರಗಳನ್ನು ಮತ್ತೆ ಕಟ್ಟಿದ್ದು ಕಲ್ಲುಮಣ್ಣಿನಿಂದ ಮಾತ್ರವಲ್ಲ, ಎಳೆಯರಿಗೆ ಬಿಡದೆ ಹೇಳಿಕೊಟ್ಟ ಪಾಠದಿಂದ.

ಹೋದಾಗ ಅತಿಥಿಗಳಂತೆ ನಡೆದುಕೊಳ್ಳೋಣ: ಪಾದರಕ್ಷೆ ಹೊರಗಿರಲಿ, ಪ್ರದಕ್ಷಿಣೆ ಬಲಗಡೆಯಿಂದ ಸಾಗಲಿ, ಅನುಮತಿಯಿಲ್ಲದೆ ಛಾಯಾಚಿತ್ರ ಬೇಡ. ಮರಳಿ ಬಂದ ಮೇಲೆ ನಮ್ಮ ಮನೆಯ ಮಕ್ಕಳಿಗೆ ನಾವು ಏನನ್ನು ಕಲಿಸುತ್ತಿದ್ದೇವೆಂದು ಕೇಳಿಕೊಂಡರೆ ಪ್ರವಾಸ ಸಾರ್ಥಕ.